ಚೆಂಡು ಬಿಸಾಡುವ ಪೋಸ್ಟು

ಕೆಲವರು ತಮ್ಮಷ್ಟಕ್ಕೆ ದಾರಿಯಲ್ಲಿ ಹೋಗುತ್ತಿದ್ದರೂ ಏನಾದರೊಂದು ಆಗಿಯೇ ಆಗುತ್ತದೆ. ನಾನು ಆ ಪೈಕಿ. ಮಸ್ಕತ್ತಿನಲ್ಲಿ ಎಂತ ಕೆಲಸದಲ್ಲಿದ್ದಿರಿ ಎಂದು ಊರಲ್ಲಿ ಯಾರಾದರೂ ಕೇಳಿದರೆ "ಸ್ಟೋರಿನಲ್ಲಿ" ಅಂತ ಹೇಳಿ ಮಾತು ಮುಗಿಸಿಬಿಡುತ್ತೇನೆ. ನಿಜ ಹೇಳಿದರೆ ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸ ಬರುವವರೆಗೂ ನಗುತ್ತಾರೆ. ನಿಜ ಏನೆಂದರೆ, ಎಣ್ಣೆ ಬೆಲೆ ನೆಲ ಕಚ್ಚಿದ ಆ ವರ್ಷಗಳಲ್ಲಿ, ದೊಡ್ಡ ದೊಡ್ಡ ಇಂಜಿನಿಯರುಗಳೇ ಪೆಟ್ಟಿಗೆ ಕಟ್ಟಿ ಮನೆಗೆ ಹೋಗುವಾಗ, ಒಂದು ಕಂಪನಿ ನನ್ನನ್ನು ಸಂಬಳ ಕೊಟ್ಟು ಇಟ್ಟುಕೊಂಡದ್ದು ಚೆಂಡು ಎಸೆಯಲಿಕ್ಕೆ. ಆಮೇಲೆ ಎಸೆಯುವುದನ್ನು ಬೇರೆಯವರಿಗೆ ಕಲಿಸಲಿಕ್ಕೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಕೈ ಕೆಳಗಿನ ವಿದ್ಯೆ

ನಮ್ಮ ಉಡುಪಿ ಕಡೆ ಅಂಡರ್ ಆರ್ಮ್ ಕ್ರಿಕೆಟ್ ಅಂತ ಒಂದುಂಟು. ಬೌಲ್ ಮಾಡುವವನು ಕೈಯನ್ನು ತಲೆಯ ಮೇಲೆ ಎತ್ತುವ ಹಾಗಿಲ್ಲ, ಸೊಂಟದ ಕೆಳಗಿನಿಂದಲೇ ಬಿಡಬೇಕು. ನೋಡಲಿಕ್ಕೆ ಮಕ್ಕಳಾಟ. ಆದರೆ ಬೆರಳಲ್ಲಿ ವಿದ್ಯೆ ಇದ್ದವನು ಬಿಟ್ಟರೆ, ಚೆಂಡು ನೆಲಕ್ಕೆ ಬಿದ್ದ ಮೇಲೆ ಯಾವ ಕಡೆಗೆ ತಿರುಗುತ್ತದೆಂದು ಬಿಟ್ಟವನಿಗೆ ಮಾತ್ರ ಗೊತ್ತು. ನನ್ನ ಬೆರಳಲ್ಲಿ ಆ ವಿದ್ಯೆ ಇತ್ತು, ಸುಳ್ಳು ವಿನಯ ಯಾಕೆ. ಭಾನುವಾರದ ಟೂರ್ನಮೆಂಟಿಗೆ ದೂರದ ಊರಿನ ತಂಡದವರು ಬೈಕು ಕಳಿಸಿ ನನ್ನನ್ನು ಕರೆಸಿಕೊಳ್ಳುತ್ತಿದ್ದರು. ಗೆದ್ದರೆ ಕೋಳಿ ಸುಕ್ಕ ಊಟ. ಸೋತರೂ ಕೋಳಿ ಸುಕ್ಕ ಊಟವೇ, ಬಡಿಸುವವರ ಮುಖ ಮಾತ್ರ ಬೇರೆ.

ಮಸ್ಕತ್ತಿಗೆ ನಾನು ಬಂದದ್ದು ಸ್ಟೋರ್ ಕೀಪರ್ ಆಗಿ. ಅಲ್ಲಿ ಎಲ್ಲರೂ ಆಡುವುದು ಕೈ ಎತ್ತಿ ಬೌಲ್ ಮಾಡುವ ಕ್ರಿಕೆಟ್ಟು. ನನ್ನ ವಿದ್ಯೆ ಕೇಳುವವರೇ ಇಲ್ಲ. ಒಂದು ಶುಕ್ರವಾರ ಬೆಳಿಗ್ಗೆ ಅಲ್ ಮಬೇಲಾದ ವರ್ಕ್‌ಶಾಪುಗಳ ಹಿಂದಿನ ಮಣ್ಣಿನ ಮೈದಾನಕ್ಕೆ ನೀರಿನ ಬಾಟ್ಲಿ ಇಳಿಸಲಿಕ್ಕೆ ಹೋಗಿದ್ದೆ. ನಮ್ಮ ಕಂಪನಿಯ ಅಮೆರಿಕದವರು, ಕೆನಡಾದವರು ಅಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದರು. ಬೇಸ್‌ಬಾಲಿನದ್ದೇ ಇನ್ನೊಂದು ರೂಪ ಅದು. ಚೆಂಡು ಸ್ವಲ್ಪ ದೊಡ್ಡದು, ಎಸೆಯುವುದು ಕೈ ಕೆಳಗಿನಿಂದ. ಹೊಡೆದವನು ಮೈದಾನದ ಮೂಲೆಗಳಲ್ಲಿರುವ ಮೂರು ಬೇಸುಗಳನ್ನು ಸುತ್ತಿ ಹೊರಟಲ್ಲಿಗೇ ವಾಪಸು ಬಂದರೆ ಒಂದು ರನ್. ಎಸೆಯುವವನಿಗೆ ಪಿಚರ್ ಎನ್ನುತ್ತಾರೆ. ಅವತ್ತು ಅವರ ಪಿಚರ್ ಬಂದಿರಲಿಲ್ಲ. ಎಣ್ಣೆ ಬೆಲೆ ಇಳಿಯಲು ಶುರುವಾಗಿತ್ತು, ಕಂಪನಿ ಅವನನ್ನು ಗುರುವಾರವೇ ವಿಮಾನ ಹತ್ತಿಸಿ ಕಳಿಸಿತ್ತು. ಟೀಮಿಗೆ ಹೇಳಲಿಕ್ಕೆ ಮಾತ್ರ ಮರೆತಿತ್ತು.

ನಮ್ಮ ಮ್ಯಾನೇಜರ್ ಸಾಹೇಬರು ಅಮೆರಿಕದವರು, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ. ಅವರು ಬ್ಯಾಟು ಹಿಡಿದು ನಿಂತು ಸುತ್ತ ನೋಡಿ, "ಇಲ್ಲಿ ಯಾರಿಗಾದರೂ ಕೈ ಕೆಳಗಿನಿಂದ ಎಸೆಯಲು ಬರುತ್ತದಾ?" ಎಂದು ಕೇಳಿದರು.

"ಸರ್, ನನಗೆ ಹಾಗೆ ಮಾತ್ರ ಬರುವುದು" ಅಂದೆ.

ಆ ಆಟದಲ್ಲಿ ಚೆಂಡು ನೆಲಕ್ಕೆ ತಾಗದೆ ನೇರ ಹೋಗಬೇಕು. ನನಗೆಲ್ಲಿ ಗೊತ್ತು. ನಾನು ಊರಿನ ಅಭ್ಯಾಸದಲ್ಲಿ ನೆಲಕ್ಕೆ ಬಡಿದು ತಿರುಗಿಸಿಬಿಟ್ಟೆ. ಸಾಹೇಬರು ಗಾಳಿಗೆ ಬೀಸಿದರು. ಅಂಪೈರ್ ಗಲ್ಲ ಕೆರೆದುಕೊಂಡು, ಬ್ಯಾಟುಗಾರ ಬಿಟ್ಟರೆ ಅದು ಪಿಚರ್‌ನ ತಪ್ಪು, ಬೀಸಿ ತಪ್ಪಿದರೆ ಬ್ಯಾಟುಗಾರನದ್ದೇ ತಪ್ಪು ಅಂದ. ಮೂರು ಸಲ ತಪ್ಪಿದರೆ ಔಟು. ಎರಡನೆಯದಕ್ಕೂ ಸಾಹೇಬರು ಬೀಸಿದರು, ಮೂರನೆಯದಕ್ಕೂ ಬೀಸಿದರು. ನಾನು ಎರಡೂ ಕೈ ಮೇಲೆತ್ತಿ ಕುಣಿದೆ. ಕುಣಿದು ತಿರುಗಿ ನೋಡುವಾಗ ಸಾಹೇಬರು ಓಡಿಹೋಗಿ ಮೊದಲನೇ ಬೇಸಿನ ಮೇಲೆ ನಿಂತು ನಗುತ್ತಿದ್ದಾರೆ.

ಅಲ್ಲೊಂದು ಕಿತಾಪತಿ ಉಂಟು. ಮೂರನೇ ಸಲ ತಪ್ಪಿದ ಚೆಂಡು ನೆಲ ಮುಟ್ಟಿ ಬಂದದ್ದಾದರೆ ಬ್ಯಾಟುಗಾರ ಕೂಡಲೇ ಔಟಲ್ಲ, ಅವನು ಮೊದಲನೇ ಬೇಸಿಗೆ ಓಡಬಹುದು. ಅವನ ಹಿಂದೆ ಕೂತ ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರಿನ ಹಾಗೆ ಇರುವವನು, ಚೆಂಡು ಹಿಡಿದು ಅವನ ಮೈಗೆ ಮುಟ್ಟಿಸಬೇಕು, ಇಲ್ಲವೇ ಅವನಿಗಿಂತ ಮೊದಲು ಚೆಂಡನ್ನು ಬೇಸಿಗೆ ತಲುಪಿಸಬೇಕು. ಈ ಮುಟ್ಟಿಸುವ ವಿಷಯ ಸ್ವಲ್ಪ ನೆನಪಿಟ್ಟುಕೊಳ್ಳಿ, ಕಡೆಗೆ ಬೇಕಾಗುತ್ತದೆ.

ಸಾಹೇಬರು ವಾಪಸು ಬಂದು ನನ್ನ ಕೈಬೆರಳುಗಳನ್ನು ಹಿಡಿದು ನೋಡಿದರು. "ನಿಮ್ಮ ದೇಶದಲ್ಲಿ ಯಾಕೆ ಹೀಗೆ ಕೆಳಗಿನಿಂದ ಎಸೆಯುತ್ತೀರಿ?" ಎಂದು ಕೇಳಿದರು.

ನಾನು ನಿಜವನ್ನೇ ಹೇಳಿದೆ. "ಅಂಗಳ ಸಣ್ಣದು ಸರ್, ಪಕ್ಕದ ಮನೆಯ ಕಿಟಕಿ ಹತ್ತಿರ."

ಅತ್ತೆಯವರ ಪ್ರಶ್ನೆ

ಮುಂದಿನ ವಾರವೇ ನನ್ನನ್ನು ಸ್ಟೋರಿನಿಂದ ತೆಗೆದು ರಿಕ್ರಿಯೇಷನ್ ಸೆಕ್ಷನ್ನಿಗೆ ಹಾಕಿದರು. ಬೆಳಿಗ್ಗೆ ಜಿಮ್ಮಿನ ಬೀಗ ತೆಗೆಯುವುದು, ಸಂಜೆ ಚೆಂಡು ಎಸೆಯುವುದು. ಅಲ್ ಅಜೈಬಾದ ನಮ್ಮ ಫ್ಲಾಟಿಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಒಂದು ನಿಮಿಷ ನನ್ನ ಮುಖ ನೋಡಿ, "ಕುಡಿದು ಬಂದದ್ದಾ ನೀವು?" ಅಂದಳು. ಆಮೇಲೆ ನಂಬಿಕೆ ಬಂದು ಊರಿಗೆ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಕೂತಿದ್ದೆ.

"ಅಮ್ಮ, ಇವರಿಗೆ ಪ್ರಮೋಷನ್ ಆಯ್ತು."

"ಹೌದಾ, ದೇವರು ದೊಡ್ಡವನು. ಎಂತ ಪೋಸ್ಟು?"

ಹೆಂಡತಿ ನನ್ನ ಕಡೆ ನೋಡಿದಳು. ನಾನು ಸೀಲಿಂಗ್ ನೋಡಿದೆ. ಅವಳು ಗಂಟಲು ಸರಿ ಮಾಡಿಕೊಂಡು, "ಚೆಂಡು ಬಿಸಾಡುವ ಪೋಸ್ಟು" ಅಂದಳು.

ಅತ್ತೆಯವರು ಮೆಲ್ಲ ಕೇಳಿದರು. "ಬಿಸಾಡಿದ್ದನ್ನು ಹೆಕ್ಕಲಿಕ್ಕೆ? ಅದಕ್ಕೂ ಅವರೇ ಹೋಗಬೇಕಾ ಈ ಬಿಸಿಲಲ್ಲಿ?"

"ಇಲ್ಲಮ್ಮ, ಹೆಕ್ಕಲಿಕ್ಕೆ ಬೇರೆ ಎಂಟು ಜನ ಇದ್ದಾರೆ."

"ಎಂಟು ಜನವಾ" ಅಂದರು ಅತ್ತೆಯವರು. ಅವರ ಧ್ವನಿಯಲ್ಲಿ ಮೊದಲ ಸಲ ನನ್ನ ಬಗ್ಗೆ ಗೌರವ ಕೇಳಿಸಿತು. "ಹಾಗಾದರೆ ದೊಡ್ಡ ಪೋಸ್ಟೇ."

ಎಣ್ಣೆಗಾಯಿ

ಪಿಚರ್ ಮತ್ತು ಕ್ಯಾಚರ್ ಬೆರಳಿನ ಸನ್ನೆಯಲ್ಲಿ ಮಾತಾಡಿಕೊಳ್ಳುವುದು ಆ ಆಟದ ಕ್ರಮ. ಯಾವ ಕಡೆ ಎಸೆಯಬೇಕು ಎಂದು ಕ್ಯಾಚರ್ ತೊಡೆಯ ನಡುವೆ ಬೆರಳು ತೋರಿಸುತ್ತಾನೆ. ನಮ್ಮ ಟೀಮಿನ ಕೆನಡಾದ ಕ್ಯಾಚರ್ ಮನೆಗೆ ಹೋದ ಮೇಲೆ ಆ ಜಾಗಕ್ಕೆ ಬಂದವರು ಧಾರವಾಡದ ಒಬ್ಬ ಮೆಕ್ಯಾನಿಕಲ್ ಇಂಜಿನಿಯರು. ಕಾಲೇಜಿನಲ್ಲಿ ವಿಕೆಟ್ ಕೀಪರ್ ಆಗಿದ್ದವರು. ಚೆಂಡು ಹಿಡಿಯುವುದರಲ್ಲಿ ಎರಡು ಮಾತಿಲ್ಲ. ಬೆರಳು ತೋರಿಸಲು ಹೇಳಿದರೆ ಮಾತ್ರ ಸಿಟ್ಟು.

"ಅಲ್ರೀ, ನಮ್ಮಿಬ್ಬರಿಗೂ ಕನ್ನಡ ಬರ್ತೈತಿ, ಈ ಮೂಕರ ಆಟ ಯಾಕ್ರೀ? ಬಾಯಿ ಬಿಟ್ಟು ಹೇಳ್ತೀನಿ, ಯಾವ ಮಗನಿಗೆ ತಿಳಿತೈತಿ ಇಲ್ಲಿ?"

ನನಗೂ ಅದು ಸರಿ ಎನಿಸಿತು. ಅಲ್ಲಿಂದ ಮೈದಾನದಲ್ಲಿ ಜೋರಾಗಿಯೇ "ಹೊರಗ ಹಾಕ್ರೀ", "ಕಾಲಿಗಿ ಹಾಕ್ರೀ", "ಈ ಸಲ ನೆಲಕ್ಕ ಬಡೀರಿ" ಎಂದು ಶುರುವಾಯಿತು. ಎದುರಿನವರಿಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ಒಂದರ ಮೇಲೊಂದು ಪಂದ್ಯ ಗೆದ್ದೆವು. ಕಂಪನಿಯ ಕಾರಿಡಾರಿನಲ್ಲಿ ಹೋಗುವಾಗ ಜನ ನನ್ನ ಬೆನ್ನು ತಟ್ಟುತ್ತಿದ್ದರು. ಅಷ್ಟು ವರ್ಷ ಸ್ಟೋರಿನಲ್ಲಿ ಕೂತವನ ಹೆಸರೂ ಯಾರಿಗೂ ಗೊತ್ತಿರಲಿಲ್ಲ, ನನಗೆ ಎಷ್ಟು ಖುಷಿಯಾಯಿತೆಂದು ಹೇಳಲಿಕ್ಕಿಲ್ಲ.

ಒಂದು ಶುಕ್ರವಾರ ಲೆಕ್ಕ ತಪ್ಪಿತು. ಇಂಜಿನಿಯರು "ಹೊರಗ" ಅಂದರೆ ಬ್ಯಾಟುಗಾರ ಹೊರಗೆ ಕಾಲಿಟ್ಟು ಕಾಯುತ್ತಾನೆ. "ನೆಲಕ್ಕ" ಅಂದರೆ ಬ್ಯಾಟು ಇಳಿಸಿ ಸುಮ್ಮನೆ ನಿಲ್ಲುತ್ತಾನೆ. ನೋಡಿದರೆ ಎದುರು ಕಂಪನಿಯ ಶಾಮಿಯಾನದಡಿ ಕನ್ನಡಕ ಹಾಕಿದ ಒಬ್ಬರು ಕೂತು ನಮ್ಮ ಮಾತನ್ನೆಲ್ಲ ಇಂಗ್ಲಿಷಿಗೆ ಮಾಡಿ ಕೂಗುತ್ತಿದ್ದಾರೆ. ಆ ಕಂಪನಿಯ ಅಕೌಂಟೆಂಟು, ಗದಗಿನವರಂತೆ.

ಇಂಜಿನಿಯರು ನನ್ನ ಹತ್ತಿರ ಓಡಿ ಬಂದರು. "ಇನ್ನ ಮ್ಯಾಲೆ ಊಟದ ಹೆಸರು. ಹೊರಗಿಂದಕ್ಕ ಜ್ವಾಳದ ರೊಟ್ಟಿ, ಒಳಗಿಂದಕ್ಕ ಶೇಂಗಾ ಚಟ್ನಿ, ನೆಲಕ್ಕ ಎಣ್ಣಿಗಾಯಿ."

ಆಟ ಮತ್ತೆ ನಮ್ಮ ಕೈಗೆ ಬಂತು. ಅಕೌಂಟೆಂಟರು ಮೊದಮೊದಲು ಕಿವಿಗೆ ಕೈ ಕೊಟ್ಟು ಕೇಳಿದರು, ಆಮೇಲೆ ಸುಮ್ಮನಾದರು, ಆಮೇಲೆ ಮಂಕಾಗಿ ಕೂತುಬಿಟ್ಟರು. ನಾವು ಗೆದ್ದೆವು. ಕೈ ಕುಲುಕುವಾಗ ಅವರು ಇಂಜಿನಿಯರ ಕೈಯನ್ನು ಬಿಡಲೇ ಇಲ್ಲ.

"ಸೋತಿದ್ದು ಹೋಗ್ಲಿ ಬಿಡ್ರೀ" ಅಂದರು. "ಎಣ್ಣಿಗಾಯಿ ಎಣ್ಣಿಗಾಯಿ ಅಂತ ಒಂದೇ ಸಮ ಒದರಿದ್ರೆಲ್ಲ, ಎಲ್ಲಿ ಸಿಗತೈತಿ ಇಲ್ಲಿ?"

ಆ ಮಧ್ಯಾಹ್ನ ಅವರು ಊಟಕ್ಕೆ ಇಂಜಿನಿಯರ ಮನೆಗೇ ಹೋದರು.

ಹಗುರ ಕೆಲಸ

ಎಣ್ಣೆ ಬೆಲೆ ಇನ್ನೂ ಇಳಿಯಿತು. ಆಫೀಸಿನಲ್ಲಿ ವಾರಕ್ಕೊಂದು ಬೀಳ್ಕೊಡುಗೆ, ಪ್ರತಿ ಬೀಳ್ಕೊಡುಗೆಗೂ ಒಂದು ಕೇಕು. ಕೇಕು ತಿಂದವರಲ್ಲಿ ಮುಂದಿನ ವಾರ ಯಾರ ಹೆಸರು ಕೇಕಿನ ಮೇಲೆ ಬರುತ್ತದೋ ಗೊತ್ತಿಲ್ಲ. ಆ ಕಾಲದಲ್ಲಿ ಮಸ್ಕತ್ತಿನಲ್ಲಿ ಉದ್ಧಾರವಾದವನು ನಮ್ಮ ಬೀದಿಯ ಬೇಕರಿಯವನೊಬ್ಬನೇ. ಜನರನ್ನು ತೆಗೆಯುವ ಕಾಗದ ಕೊಡುವ ನಮ್ಮ ಎಚ್ಚಾರಿನವರನ್ನು (ಎಚ್.ಆರ್.) ಕಂಡರೆ ಅವನು ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದ.

ಸರಿಯಾಗಿ ಆ ಹೊತ್ತಿಗೇ ನನ್ನ ಬಲಭುಜ ಕೈಕೊಟ್ಟಿತು. ಅಂಗಿ ಹಾಕಲಿಕ್ಕೂ ಹೆಂಡತಿ ಬೇಕು. ರೂವಿಯ ಒಂದು ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಕೇರಳದವರು, ನನ್ನ ಕಾರ್ಡಿನಲ್ಲಿ ಸ್ಟೋರ್ ಕೀಪರ್ ಅಂತ ನೋಡಿ, "ಏನು ಭಾರ ಎತ್ತುತ್ತೀರಿ?" ಎಂದು ಕೇಳಿದರು.

"ಚೆಂಡು" ಅಂದೆ.

"ಚೆಂಡು ಅಂದರೆ ಕಬ್ಬಿಣದ್ದಾ?"

"ಅಲ್ಲ ಡಾಕ್ಟ್ರೆ, ಆಡುವ ಚೆಂಡು."

ಅವರು ಪೆನ್ನು ಕೆಳಗಿಟ್ಟು ನನ್ನನ್ನು ತುಂಬ ಹೊತ್ತು ನೋಡಿದರು. ಆಮೇಲೆ ಚೀಟಿಯಲ್ಲಿ, ಈ ಮನುಷ್ಯನಿಗೆ ಇದಕ್ಕಿಂತ ಹಗುರ ಕೆಲಸ ಕೊಡಬೇಕು ಎಂದು ಬರೆದರು. ಎಚ್ಚಾರಿನವರು ಚೀಟಿ ಓದಿ, ಇದಕ್ಕಿಂತ ಹಗುರ ಕೆಲಸ ಕಂಪನಿಯಲ್ಲಿ ಇದೆಯಾ ಎಂದು ಸಾಹೇಬರನ್ನು ಕೇಳಿದರು. ಸಾಹೇಬರು ನನ್ನನ್ನು ಕೋಚ್ ಮಾಡಿದರು.

ಅವತ್ತೇ ಅವರು ನನ್ನನ್ನು ಚೇಂಬರಿಗೆ ಕರೆದು ಬಾಗಿಲು ಹಾಕಿದರು. ನಗಲಿಲ್ಲ. "ನೋಡು, ಹೆಡ್ ಆಫೀಸಿನವರು ಈ ಸೆಕ್ಷನ್ನನ್ನೇ ಮುಚ್ಚು ಅಂತಿದ್ದಾರೆ. ಜನವರಿಯಲ್ಲಿ ಕಪ್ ಫೈನಲ್ ಉಂಟು. ಕಪ್ ಬಂದರೆ ಅದನ್ನು ತೋರಿಸಿ ನಾನು ನಿನ್ನನ್ನು ಬೇಸಿಗೆಯವರೆಗೆ ಉಳಿಸಿಕೊಳ್ಳುತ್ತೇನೆ. ಬರದಿದ್ದರೆ ಆ ತಿಂಗಳ ಕೊನೆಗೆ ನಿನ್ನ ವೀಸಾ ಕ್ಯಾನ್ಸಲ್. ನನ್ನ ಕೈಯಲ್ಲಿ ಅಷ್ಟೇ ಇರುವುದು."

ನನ್ನ ಮಗಳು ಆ ವರ್ಷ ಹತ್ತನೇ ಕ್ಲಾಸು. ಪರೀಕ್ಷೆ ಮಾರ್ಚಿನಲ್ಲಿ. ನನ್ನ ವೀಸಾ ಹೋದರೆ ಹೆಂಡತಿ ಮಗಳದ್ದೂ ಹೋಯಿತು. ಪರೀಕ್ಷೆ ಹತ್ತಿರ ಬಂದಾಗ ಹುಡುಗಿಯನ್ನು ಶಾಲೆಯಿಂದ ಎಬ್ಬಿಸಿ ಊರಿಗೆ ಕರೆದುಕೊಂಡು ಹೋದರೆ ಅವಳ ಒಂದು ವರ್ಷ ನೀರಿಗೆ ಹಾಕಿದ ಹಾಗೆ. ಮನೆಗೆ ಬಂದು ಬೇರೆ ಉಪಾಯವಿಲ್ಲದೆ ಎಲ್ಲ ಹೇಳಿದೆ. ಹೆಂಡತಿ ತೊಗರಿಬೇಳೆ ಆರಿಸುತ್ತಿದ್ದವಳು ಆರಿಸುತ್ತಲೇ ಇದ್ದಳು, ತಲೆ ಎತ್ತಲಿಲ್ಲ.

ಮಗಳು ಟ್ರಿಗೊನಾಮೆಟ್ರಿ ಪುಸ್ತಕದಿಂದ ಕಣ್ಣು ತೆಗೆಯದೆ ಹೇಳಿದಳು. "ದೆನ್ ಜಸ್ಟ್ ವಿನ್, ಪಪ್ಪ. ಸಿಂಪಲ್."

ಬ್ಯಾಟು ಬಿಡದವರು

ಗೆಲ್ಲಲಿಕ್ಕೆ ಟೀಮು ಬೇಕಲ್ಲ. ಸಾಹೇಬರೊಬ್ಬರನ್ನು ಬಿಟ್ಟರೆ ಅಮೆರಿಕದವರು, ಕೆನಡಾದವರು ಎಲ್ಲ ಖಲಾಸ್. ಉಳಿದವರು ಧಾರವಾಡದ ಇಂಜಿನಿಯರು, ಒಬ್ಬ ಪಾಕಿಸ್ತಾನದ ವೆಲ್ಡರ್, ಸರಕಾರಿ ಕಚೇರಿಯ ಕೆಲಸವನ್ನೆಲ್ಲ ಮಾಡಿಸಿಕೊಂಡು ಬರುವ ನಮ್ಮ ಒಮಾನಿ ಮಂದೂಬ್, ಮತ್ತೆ ಕ್ಯಾಂಟೀನು, ಗ್ಯಾರೇಜು, ಅಕೌಂಟ್ಸಿನಿಂದ ಹಿಡಿದು ತಂದ ಕೆಲವರು. ಮಂದೂಬರನ್ನು ಬಿಟ್ಟರೆ ಎಲ್ಲರೂ ಹುಟ್ಟಾ ಕ್ರಿಕೆಟ್ಟಿನವರು. ತೊಂದರೆ ಅಲ್ಲೇ ಇದ್ದದ್ದು.

ಸಾಫ್ಟ್‌ಬಾಲಿನಲ್ಲಿ ಹೊಡೆದ ಮೇಲೆ ಬ್ಯಾಟು ಬಿಸಾಕಿ ಓಡಬೇಕು. ನಮ್ಮವರು ಬ್ಯಾಟು ಬಿಡುವುದಿಲ್ಲ. ಹಿಡಿದುಕೊಂಡೇ ಓಡುತ್ತಾರೆ, ಬೇಸಿನ ಹತ್ತಿರ ಬಂದಾಗ ಬಗ್ಗಿ ಬ್ಯಾಟು ಚಾಚಿ ಬೇಸಿಗೆ ತಾಗಿಸಿ, ಅಲ್ಲೇ ದೂರದಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಾರೆ. ಆ ಕಡೆಯವನು ಬಂದು ಚೆಂಡು ಮುಟ್ಟಿಸಿ ಔಟ್ ಮಾಡಿದರೆ ಜಗಳಕ್ಕೆ ನಿಲ್ಲುತ್ತಾರೆ. ನಾನು ಬೊಬ್ಬೆ ಹೊಡೆದು ಹೊಡೆದು ಗಂಟಲು ಹೋಯಿತು. ಕೊನೆಗೆ, ಬ್ಯಾಟು ಬಿಡದವನಿಗೆ ಪ್ರಾಕ್ಟೀಸ್ ಮುಗಿದ ಮೇಲಿನ ಸಮೋಸ ಇಲ್ಲ ಅಂದೆ. ಮರುದಿನವೇ ಎಲ್ಲರೂ ಬಿಟ್ಟರು. ಗ್ಯಾರೇಜಿನವನು ಎಷ್ಟು ಮನಸ್ಸಿಟ್ಟು ಬಿಟ್ಟ ಅಂದರೆ ಬ್ಯಾಟು ಹೋಗಿ ಸಮೋಸದ ಡಬ್ಬಕ್ಕೇ ಬಿತ್ತು.

ವೆಲ್ಡರಿನದ್ದು ಬೇರೆಯೇ ರೋಗ. ಆರಡಿ ಆಳು, ನನ್ನ ಬದಲಿಗೆ ಅವನನ್ನೇ ಪಿಚರ್ ಮಾಡಿದ್ದೆ, ಹೊಡೆಯುವುದರಲ್ಲೂ ರಾಕ್ಷಸ. ಆದರೆ ಚೆಂಡು ನೇರ ಫೀಲ್ಡರಿನ ಕಡೆ ಹೋದರೆ ಓಡುವುದೇ ಇಲ್ಲ. ಕೈ ಎತ್ತಿ, ಬೇಡ ಬೇಡ, ಎಂದು ಯಾರಿಗೋ ಸನ್ನೆ ಮಾಡಿ ಅಲ್ಲೇ ನಿಲ್ಲುತ್ತಾನೆ.

"ಭಾಯಿ, ಇಲ್ಲಿ ಹೊಡೆದ ಮೇಲೆ ಓಡಲೇಬೇಕು" ಅಂತ ಹಿಂದಿಯಲ್ಲಿ ಹೇಳಿದೆ.

"ಚೆಂಡು ಅವನ ಕೈಯಲ್ಲೇ ಇದೆಯಲ್ಲ ಉಸ್ತಾದ್, ಓಡಿದರೆ ಔಟಾಗುತ್ತೇನೆ."

"ಆದರೂ ಓಡಬೇಕು. ರೂಲು."

ಅವನು ಹೆಲ್ಮೆಟ್ ತೆಗೆದು ಬೇಸರದಿಂದ ತಲೆ ಅಲ್ಲಾಡಿಸಿದ. "ಪ್ರಯೋಜನ ಇಲ್ಲ ಅಂತ ಗೊತ್ತಿದ್ದೂ ಓಡುವುದಕ್ಕೆ ನಮಗೆ ಡ್ಯೂಟಿ ಉಂಟಲ್ಲ ಉಸ್ತಾದ್. ಆಟದಲ್ಲೂ ಅದೇನಾ?"

ತಟ್ಟೆ ತುಂಬ ಹಲ್ವಾ

ಮಂದೂಬರನ್ನು ನಾನು ಮೊದಲನೇ ಬೇಸಿನಲ್ಲಿ ನಿಲ್ಲಿಸಿದ್ದೆ. ದೊಡ್ಡ ದೇಹ, ಸಮಾಧಾನದ ಮನುಷ್ಯ. ಓಡುವುದಿಲ್ಲ, ಆದರೆ ಅವರ ಕಡೆ ಬಂದ ಚೆಂಡು ಅವರನ್ನು ದಾಟಿ ಹೋದದ್ದೂ ಇಲ್ಲ. ಎಷ್ಟೋ ಕಚೇರಿಗಳಲ್ಲಿ ದಿನವಿಡೀ ನಿಂತು ಅಭ್ಯಾಸ, ನಿಲ್ಲುವುದರಲ್ಲಿ ಅವರನ್ನು ಮೀರಿಸಲಿಕ್ಕೆ ಸಾಧ್ಯವಿಲ್ಲ.

ಸೆಮಿಫೈನಲ್ ದಿನ ಎದುರು ತಂಡದವರು ನಮ್ಮನ್ನು ಅಟ್ಟಾಡಿಸಿದರು. ಅರ್ಧ ಆಟಕ್ಕೇ ನಾವು ನಾಲ್ಕು ರನ್ ಹಿಂದೆ. ನಾನು ತಲೆ ಮೇಲೆ ಕೈ ಹೊತ್ತು ಕೂತಿರುವಾಗ ಮಂದೂಬರು ಕಾರಿನ ಡಿಕ್ಕಿ ತೆಗೆದರು. ಖರ್ಜೂರ, ಕಹ್ವಾ ಎಂಬ ಅರಬ್ ಕಾಫಿಯ ಫ್ಲಾಸ್ಕು, ಒಂದು ದೊಡ್ಡ ತಟ್ಟೆ ಒಮಾನಿ ಹಲ್ವಾ. ಅದನ್ನು ತಿಂದವರಿಗೆ ಗೊತ್ತು, ತುಪ್ಪ, ಸಕ್ಕರೆ, ಕೇಸರಿ. ಒಂದು ಚಮಚಕ್ಕೇ ಕಣ್ಣು ಭಾರವಾಗುತ್ತದೆ. ಮಂದೂಬರು ಅದನ್ನು ನೇರ ಎದುರಿನವರ ಶಾಮಿಯಾನಕ್ಕೆ ತೆಗೆದುಕೊಂಡು ಹೋದರು. ಒಬ್ಬೊಬ್ಬರನ್ನೂ ಕೂರಿಸಿ ತಿನ್ನಿಸಿದರು. ಸಾಕು ಅಂದವರ ಮುಖ ನೋಡಿ ಎಷ್ಟು ನೊಂದುಕೊಂಡರೆಂದರೆ, ಅವರು ಮತ್ತೆರಡು ಚಮಚ ತಿಂದರು.

ಆಮೇಲಿನ ಆಟ ನೋಡಬೇಕಿತ್ತು ನೀವು. ಅವರ ಹುಡುಗರು ಬೇಸಿನಿಂದ ಬೇಸಿಗೆ ದೇವಸ್ಥಾನದಲ್ಲಿ ಪ್ರದಕ್ಷಿಣೆ ಬಂದ ಹಾಗೆ ಬರುತ್ತಿದ್ದರು. ಒಬ್ಬ ಮೂರನೇ ಬೇಸಿನಲ್ಲಿ ಕೂತೇಬಿಟ್ಟ. ನಾವು ಐದು ರನ್ ಎತ್ತಿ ಗೆದ್ದೆವು.

ನಾನು ಮಂದೂಬರ ಹತ್ತಿರ ಹೋಗಿ ಮೆಲ್ಲ ಕೇಳಿದೆ. "ಇದು ಉಪಾಯ ಮಾಡಿದ್ದಾ ನೀವು?"

ಅವರಿಗೆ ಬೇಸರವೇ ಆಯಿತು. "ಏನು ಮಾತು ಇದು. ನಮ್ಮ ಮೈದಾನಕ್ಕೆ ಬಂದವರು ಅತಿಥಿಗಳು" ಅಂದರು. ಆಮೇಲೆ ಖಾಲಿ ತಟ್ಟೆಯನ್ನು ಡಿಕ್ಕಿಗೆ ಹಾಕುತ್ತ ಕೇಳಿದರು. "ಫೈನಲ್‌ಗೆ ಬರುವ ಅತಿಥಿಗಳು ಎಷ್ಟು ಜನ?"

ಕ್ರೀಸು ಬಿಟ್ಟವನು

ಫೈನಲ್‌ಗೆ ಬಂದ ಅತಿಥಿಗಳಿಗೆ ಸುದ್ದಿ ಮುಟ್ಟಿತ್ತು. ಅವರು ಹಲ್ವಾವನ್ನು ಡಬ್ಬಿಗೆ ಹಾಕಿಸಿಕೊಂಡು, ಆಟ ಮುಗಿದ ಮೇಲೆ ತಿನ್ನುತ್ತೇವೆ ಎಂದು ಎದೆ ಮೇಲೆ ಕೈಯಿಟ್ಟು ಹೇಳಿದರು. ಅಲ್ಲಿಗೆ ನಮ್ಮ ಬ್ರಹ್ಮಾಸ್ತ್ರ ಹೋಯಿತು.

ಹೆಂಡತಿ, ಮಗಳು ಇಬ್ಬರೂ ಬಂದಿದ್ದರು. ಮಗಳ ಮಡಿಲಲ್ಲಿ ಪುಸ್ತಕ, ಆದರೆ ಅವಳು ಓದುತ್ತಿರಲಿಲ್ಲ. ಸಾಹೇಬರು ಕುರ್ಚಿ ಬಿಟ್ಟು ನಿಂತೇ ನೋಡುತ್ತಿದ್ದರು. ಆಟ ಕೊನೆಗೆ ಬಂದಾಗ ನಾವು ಒಂದೇ ಒಂದು ರನ್ ಮುಂದೆ. ಅವರ ಇನ್ನೊಬ್ಬ ಔಟಾದರೆ ಕಪ್ ನಮ್ಮದು. ಆದರೆ ಎರಡನೇ ಮತ್ತು ಮೂರನೇ ಬೇಸಿನಲ್ಲಿ ಅವರ ಇಬ್ಬರು ಓಡಲು ತಯಾರಾಗಿ ನಿಂತಿದ್ದಾರೆ. ಅವರಿಬ್ಬರನ್ನು ಅಲ್ಲಿಗೆ ತಲುಪಿಸಿದ ಕೊನೆಯ ಹೊಡೆತ ನಮ್ಮ ವೆಲ್ಡರಿನ ಮೊಣಕಾಲಿಗೇ ಬಡಿದು ದೂರ ಹಾರಿತ್ತು. ಅವನು ಕುಂಟುತ್ತ ಬಂದು ಚೆಂಡನ್ನು ನನ್ನ ಕೈಗಿಟ್ಟು, "ಈಗ ನೀವೇ ಉಸ್ತಾದ್" ಅಂದ.

ಬೇರೆ ಪಿಚರ್ ಇಲ್ಲ. ನನ್ನ ಭುಜದಲ್ಲಿ ನೇರ ಎಸೆಯುವ ಶಕ್ತಿ ಇಲ್ಲ. ಇದ್ದದ್ದು ಬೆರಳಿನ ವಿದ್ಯೆ ಒಂದೇ, ನೆಲಕ್ಕೆ ಬಡಿದು ತಿರುಗಿಸುವುದು. ಆದರೆ ನಾನು ಮೊದಲೇ ಹೇಳಿದೆನಲ್ಲ, ಮೂರನೆಯ ಸಲ ನೆಲ ಮುಟ್ಟಿದ ಚೆಂಡಿಗೆ ಬ್ಯಾಟುಗಾರ ತಪ್ಪಿದರೂ ಓಡಬಹುದು. ಮುಂದೆ ನಿಂತವನು ಆ ತಂಡದ ಅತಿ ಜೋರಿನ ಓಟಗಾರ. ಅವನು ಬೇಸು ಸೇರಿದರೆ ಮೂರನೇ ಬೇಸಿನವನು ಒಳಗೆ ಬರುತ್ತಾನೆ, ಆಟ ಸಮ, ನನ್ನ ಭುಜ ಅದರಾಚೆಗೆ ಬಾಳುವುದಿಲ್ಲ. ಎಲ್ಲ ನಿಂತದ್ದು ಕ್ಯಾಚರ್ ಚೆಂಡು ಹಿಡಿದು ಅವನಿಗೆ ಮುಟ್ಟಿಸುವುದರ ಮೇಲೆ.

ನಮ್ಮ ಇಂಜಿನಿಯರಿಗೆ ಈ ಮುಟ್ಟಿಸುವ ವಿಷಯ ಒಂದು ದಿನವೂ ತಲೆಗೆ ಹೋದದ್ದಿಲ್ಲ. ಬ್ಯಾಟುಗಾರ ತಪ್ಪಿದ ಕೂಡಲೇ ಅಂಪೈರಿನ ಕಡೆ ತಿರುಗಿ ಅಪೀಲು ಮಾಡುವುದೇ ಅವರ ರೂಢಿ. ಅಪೀಲು ಮುಗಿಸಿ, ನನ್ನ ಬೊಬ್ಬೆ ಕೇಳಿ, ಆಮೇಲೆ ಬೇಸಿಗೆ ಎಸೆಯುತ್ತಿದ್ದರು. ನಿಧಾನದವರು ಸಿಕ್ಕಿಬೀಳುತ್ತಿದ್ದರು, ಓಟಗಾರರು ಪಾರಾಗುತ್ತಿದ್ದರು. ನಾನು ಅವರ ಹತ್ತಿರ ಹೋಗಿ ಕೈ ಮುಗಿದೆ.

"ಮಾರಾಯ್ರೆ, ಇವತ್ತೊಂದು ದಿನ. ಅವನು ಬೀಸಿ ತಪ್ಪಿದ ಕೂಡಲೇ ಚೆಂಡು ಅವನಿಗೆ ಮುಟ್ಟಿಸಿ. ನನ್ನ ಮಗಳ ಪರೀಕ್ಷೆ ನಿಮ್ಮ ಕೈಯಲ್ಲಿ ಉಂಟು."

"ಮುಟ್ಟಸ್ತೀನಿ ತಗೋರಿ" ಅಂದರು. "ಎಣ್ಣಿಗಾಯಿ ಏನು?"

"ಎಣ್ಣೆಗಾಯಿ."

ಮೊದಲನೆಯದು ಬಿಟ್ಟೆ. ಭುಜದಲ್ಲಿ ಬೆಂಕಿ ಇಟ್ಟ ಹಾಗಾಯಿತು. ಅವನು ಬೀಸಿ ತಪ್ಪಿದ. ಎರಡನೆಯದು ಒಳಕ್ಕೆ ತಿರುಗಿತು, ಅದಕ್ಕೂ ಬೀಸಿದ. ಮೈದಾನದ ಅಂಚಿನಲ್ಲಿ ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡದ್ದು ಕಾಣಿಸಿತು. ಮೂರನೆಯದನ್ನು ನಾನು ಊರಿನ ದೇವರನ್ನೆಲ್ಲ ನೆನೆಸಿ, ಹೊರಗೆ ಬಿದ್ದು ಇನ್ನೂ ಹೊರಗೆ ಹೋಗುವ ಹಾಗೆ ಬಿಟ್ಟೆ. ಅವನು ಹೇಗಾದರೂ ಹೊಡೆಯಲೇಬೇಕೆಂದು ಒಂದು ಹೆಜ್ಜೆ ಮುಂದೆ ಇಟ್ಟು, ಮೈಯೆಲ್ಲ ಚಾಚಿ ಬೀಸಿದ. ಬ್ಯಾಟಿಗೆ ಗಾಳಿ ಮಾತ್ರ ಸಿಕ್ಕಿತು. ಇಂಜಿನಿಯರು ಚೆಂಡು ಹಿಡಿದರು.

ಹಿಡಿದವರಿಗೆ ಎಂತ ಕಂಡಿತು ಗೊತ್ತುಂಟಾ? ಬ್ಯಾಟುಗಾರ ಮುಂದೆ ಹೋಗಿದ್ದಾನೆ, ಕಾಲು ಜಾಗ ಬಿಟ್ಟಿದೆ. ಅವರಿಗೆ ಧಾರವಾಡದ ಕಾಲೇಜು ಮೈದಾನ ಮೈಮೇಲೆ ಬಂದುಬಿಟ್ಟಿತು. ನನ್ನ ಮಾತು, ನನ್ನ ಮಗಳು, ಪರೀಕ್ಷೆ ಎಲ್ಲ ಮರೆತೇ ಹೋ‌ಯಿತು. ಚೆಂಡಿದ್ದ ಎರಡೂ ಕೈಗಳನ್ನು ಒಟ್ಟು ಮಾಡಿ, ಕ್ರಿಕೆಟ್ಟಿನಲ್ಲಿ ಸ್ಟಂಪು ಇರುವ ಜಾಗಕ್ಕೆ ಬೀಸಿ ಬಡಿದರು. ಸ್ಟಂಪು ಎಲ್ಲಿಂದ ಬರಬೇಕು? ಆ ಜಾಗದಲ್ಲಿ ಇದ್ದದ್ದು, ಬಗ್ಗಿದ್ದ ಬ್ಯಾಟುಗಾರನ ಹಿಂಭಾಗ. ಧೊಪ್ ಎಂದು ಚೆಂಡು ಸಮೇತ ಅಲ್ಲಿಗೆ ಬಿತ್ತು. ಅವನು ಹೌಹಾರಿ ಒಂದು ಜಿಗಿತ ಜಿಗಿದ. ಇಂಜಿನಿಯರು ಅಲ್ಲೇ ಮಂಡಿಯೂರಿ, ಎರಡೂ ಕೈ ಅಂಪೈರಿನ ಕಡೆ ಚಾಚಿ, ಮಬೇಲಾದ ವರ್ಕ್‌ಶಾಪಿನವರೆಲ್ಲ ಹೊರಗೆ ಬಂದು ನೋಡುವ ಹಾಗೆ "ಹೌಸ್ಯಾಟ್" ಎಂದು ಅಪೀಲು ಮಾಡಿದರು.

ಅಂಪೈರ್ ಕ್ಷಣ ಹೊತ್ತು ಅವರನ್ನು ನೋಡಿದ. ಚೆಂಡು ಕೈಯಲ್ಲುಂಟು, ಕೈ ಮೈಗೆ ಮುಟ್ಟಿದೆ. ಅವನು ಮುಷ್ಟಿ ಎತ್ತಿದ. ಔಟ್.

ಆಮೇಲೆ ಏನಾಯಿತೆಂದು ನನಗೆ ಸರಿಯಾಗಿ ನೆನಪಿಲ್ಲ. ವೆಲ್ಡರ್ ಒಂದೇ ಕಾಲಲ್ಲಿ ಕುಣಿಯುತ್ತಿದ್ದ. ಮಂದೂಬರು ಮೊದಲ ಬಾರಿಗೆ ಓಡಿದರು, ಎರಡೂ ಶಾಮಿಯಾನಗಳಿಗೆ ಹಲ್ವಾ ಹಂಚಲು. ಮಗಳು ಪುಸ್ತಕ ಮಣ್ಣಿಗೆ ಬಿಟ್ಟು ಬಂದು ನನ್ನ ನೋವಿನ ಭುಜವನ್ನೇ ಗಟ್ಟಿ ಹಿಡಿದುಕೊಂಡಳು, ನಾನು ಬಿಡು ಅನ್ನಲಿಲ್ಲ. ಸಾಹೇಬರು ಕಪ್ಪನ್ನು ಬಗಲಲ್ಲಿ ಇಟ್ಟುಕೊಂಡು ಬಂದು, "ಭಾನುವಾರ ಬೆಳಿಗ್ಗೆ ಜಿಮ್ಮಿನ ಬೀಗ ತೆಗೆಯಲಿಕ್ಕೆ ತಡ ಮಾಡಬೇಡ" ಎಂದಷ್ಟೇ ಹೇಳಿ ಹೋದರು. ನಾನು ಆ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಇಂಜಿನಿಯರನ್ನು ತಬ್ಬಿಕೊಂಡು, "ಅಂತೂ ಮುಟ್ಟಿಸುವುದು ನೆನಪಿಟ್ಟುಕೊಂಡಿರಲ್ಲ ಮಾರಾಯ್ರೆ" ಅಂದೆ.

"ಎಲ್ಲಿ ಮುಟ್ಟಿಸೋದ್ರೀ?" ಅಂದರು ಅವರು. "ಕ್ರೀಸ್ ಬಿಟ್ಟಿದ್ದ ಅಂವಾ. ಸ್ಟಂಪ್ ಮಾಡೇನಿ." ಇವತ್ತಿಗೂ ಅವರ ವಾದ ಅದೇ.

ಮನೆಗೆ ಬಂದ ಕೂಡಲೇ ಹೆಂಡತಿ ಊರಿಗೆ ಫೋನ್ ಹಚ್ಚಿದಳು. ನಾನು ಭುಜಕ್ಕೆ ಐಸು ಇಟ್ಟುಕೊಂಡು ಪಕ್ಕದಲ್ಲೇ, ರಾಜನ ಹಾಗೆ ಕೂತಿದ್ದೆ. ಅವಳು ನಗುತ್ತ ಅಳುತ್ತ ಎಲ್ಲ ಹೇಳಿದಳು, ಗೆದ್ದದ್ದು, ವೀಸಾ ಉಳಿದದ್ದು, ಮಗಳು ಇಲ್ಲಿಯೇ ಪರೀಕ್ಷೆ ಬರೆಯುವುದು. ಅತ್ತೆಯವರು ಎಲ್ಲವನ್ನೂ ಸಾವಕಾಶ ಕೇಳಿದರು.

"ಕೊನೆಯ ಚೆಂಡು ಬಿಸಾಡಿದ್ದು ಯಾರು?"

"ಇವರೇ ಅಮ್ಮ."

"ಹೆಕ್ಕಿದ್ದು?"

"ಧಾರವಾಡದ ಇಂಜಿನಿಯರು."

ಅತ್ತೆಯವರು ಧ್ವನಿ ತಗ್ಗಿಸಿದರು. "ನಿನ್ನ ಗಂಡನಿಗೆ ಬೇಜಾರಾಗುವುದು ಬೇಡ, ಫೋನು ಸ್ವಲ್ಪ ಆಚೆ ತೆಗೆದುಕೊಂಡು ಹೋಗು" ಅಂದರು. ಹೆಂಡತಿ ಕದಲಲಿಲ್ಲ, ಫೋನು ಸ್ಪೀಕರಿನಲ್ಲಿತ್ತು. "ಆ ಧಾರವಾಡದವರಿಗೂ ಒಂದು ಪ್ರಮೋಷನ್ ಕೊಡಲಿಕ್ಕೆ ಹೇಳು ಮಗ. ಬಿಸಾಡಲಿಕ್ಕೆ ಯಾರಿಗಾದರೂ ಬರುತ್ತದೆ."